ಗರ್ಭಿಣಿಯರ ಸಕ್ಕರೆಗೆ ಫೋನಿನಲ್ಲೇ ಆಹಾರ ಸಲಹೆ: ಆರೋಗ್ಯ ಇಲಾಖೆಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು

ನಮಸ್ಕಾರ.

ಬೆಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಗರ್ಭಿಣಿಯೊಬ್ಬರಿಗೆ ಸಕ್ಕರೆ ಜಾಸ್ತಿ ಇದೆ ಎಂದು ಗೊತ್ತಾದ ದಿನದಿಂದ ಎರಡು ವಾರದೊಳಗೆ ಆಹಾರತಜ್ಞರು ಕನಿಷ್ಠ ನಾಲ್ಕು ಸಲ ಅವರೊಂದಿಗೆ ಫೋನಿನಲ್ಲಿ ಮಾತಾಡುವ ವ್ಯವಸ್ಥೆ ಆಗಬೇಕು. ನಾವು ಕೇಳುತ್ತಿರುವುದು ಇಷ್ಟೇ. ಯಾಕೆ ಎರಡು ವಾರ, ಯಾಕೆ ನಾಲ್ಕು ಸಲ, ಆ ಮಾತುಕತೆಯಲ್ಲಿ ಏನಿರಬೇಕು, ಅದು ಎಲ್ಲಿ ಕೆಡುತ್ತದೆ ಎಂಬುದನ್ನು ಕೆಳಗೆ ಬಿಡಿಸಿ ಬರೆದಿದ್ದೇವೆ.

ಪರೀಕ್ಷೆ ಹೇಗೆ ಮಾಡಬೇಕು ಎಂಬುದರಲ್ಲಿ ಗೊಂದಲವಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ 2014ರಲ್ಲಿ ಬಂದು 2018ರಲ್ಲಿ ಪರಿಷ್ಕರಣೆಯಾಯಿತು. ಮೊದಲ ಭೇಟಿಯಲ್ಲೇ ಒಂದು ಸಲ, 24ರಿಂದ 28ನೇ ವಾರದ ನಡುವೆ ಮತ್ತೊಂದು ಸಲ, ಹೊಟ್ಟೆ ಖಾಲಿ ಇದ್ದರೂ ಸರಿ, ಊಟ ಆಗಿದ್ದರೂ ಸರಿ, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿ 5ರಿಂದ 10 ನಿಮಿಷದಲ್ಲಿ ಕುಡಿಸಬೇಕು. ಎರಡು ಗಂಟೆಯ ನಂತರ ರಕ್ತದ ಸಕ್ಕರೆ 100 ಮಿಲಿಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಾವಸ್ಥೆಯ ಮಧುಮೇಹ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆಯನ್ನು ಇನ್ನೊಂದು ದಿನ ಮಾಡಬೇಕು. ನಂತರ ಎರಡು ವಾರ ಆಹಾರ ಮತ್ತು ನಡಿಗೆಯಿಂದಲೇ ನೋಡಬೇಕು. ಊಟವಾಗಿ ಎರಡು ಗಂಟೆಗೆ 120ಕ್ಕಿಂತ ಕಡಿಮೆ ಇದ್ದರೆ ಹಾಗೇ ಮುಂದುವರಿಸಬೇಕು, ಇಲ್ಲದಿದ್ದರೆ ಮೆಟ್‌ಫಾರ್ಮಿನ್ ಮಾತ್ರೆ ಅಥವಾ ಇನ್ಸುಲಿನ್.

ಇಡೀ ಚಿಕಿತ್ಸೆ ಆ ಎರಡು ವಾರದ ಮೇಲೆ ನಿಂತಿದೆ. ಆದರೆ ಆ ಎರಡು ವಾರದಲ್ಲಿ ಗರ್ಭಿಣಿಗೆ ಸಿಗುವುದು ಬಹುತೇಕ ಕಡೆ ಒಂದು ಮುದ್ರಿತ ಹಾಳೆ, ಇಲ್ಲವೇ ವಾಟ್ಸಾಪಿಗೆ ಬಂದು ಬೀಳುವ ಡಯಟ್ ಚಾರ್ಟ್. ಹಾಳೆ ಓದಿ ಊಟ ಬದಲಾಗುವುದಿಲ್ಲ. ಹದಿನೈದನೆಯ ದಿನ ರಕ್ತ ತೆಗೆದಾಗ 138 ಬಂದರೆ, ಸರಿಯಾದ ಆಹಾರಕ್ಕೂ ಬಗ್ಗದ ಸಕ್ಕರೆಯೋ, ಆಹಾರ ಬದಲಾಗಲೇ ಇಲ್ಲವೋ ಎಂಬುದು ವೈದ್ಯರಿಗೆ ಗೊತ್ತಾಗುವುದಿಲ್ಲ. ಕೆಲವರಿಗೆ ಬೇಡದ ಔಷಧಿ ಹೋಗುತ್ತದೆ. ಇನ್ನು ಕೆಲವರಿಗೆ "ಇನ್ನೊಂದು ತಿಂಗಳು ಪಥ್ಯ ಮಾಡಿ ನೋಡೋಣ" ಎಂದು ಮುಂದಕ್ಕೆ ಹಾಕುವಷ್ಟರಲ್ಲಿ 32 ವಾರ ದಾಟಿರುತ್ತದೆ. 28ರಿಂದ 36ನೇ ವಾರದವರೆಗಿನ ಅವಧಿಯಲ್ಲೇ ಮಾಸಿನ (ಪ್ಲಾಸೆಂಟಾ) ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿಗೆ ಹೆಚ್ಚು ಅಡ್ಡಿ ಮಾಡುವುದು, ಮಗು ಮೈ ತುಂಬಿಕೊಳ್ಳುವುದೂ ಆಗಲೇ. ತಾಯಿಯ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಮಗು ತಾನೇ ಇನ್ಸುಲಿನ್ ಹೆಚ್ಚು ಮಾಡಿಕೊಂಡು ದಪ್ಪವಾಗುತ್ತದೆ, ಹುಟ್ಟಿದ ಮೇಲೆ ಸಕ್ಕರೆಯ ಪೂರೈಕೆ ನಿಂತಾಗ ಅದರ ಸಕ್ಕರೆ ಕುಸಿಯುತ್ತದೆ.

ಚಿಕಿತ್ಸೆಯಿಂದ ಪ್ರಯೋಜನ ಇದೆಯೇ ಎಂಬ ಪ್ರಶ್ನೆಗೆ 2005ರಲ್ಲೇ ಉತ್ತರ ಸಿಕ್ಕಿದೆ. ಆಸ್ಟ್ರೇಲಿಯಾದ ಅಕಾಯಿಸ್ ಅಧ್ಯಯನದಲ್ಲಿ ಆಹಾರ ಸಲಹೆ, ಮನೆಯಲ್ಲೇ ಸಕ್ಕರೆ ಪರೀಕ್ಷೆ, ಬೇಕಾದವರಿಗೆ ಇನ್ಸುಲಿನ್ ಕೊಟ್ಟ ಗುಂಪಿನಲ್ಲಿ ಮಗುವಿಗೆ ಗಂಭೀರ ತೊಂದರೆಯಾದ ಪ್ರಮಾಣ ಶೇ. 4ರಿಂದ ಶೇ. 1ಕ್ಕೆ ಇಳಿಯಿತು. ಈ ಮೂರೂ ಒಟ್ಟಿಗೆ ಇದ್ದವು ಎಂಬುದನ್ನು ಗಮನಿಸಬೇಕು. ಬರೀ ಚಾರ್ಟ್ ಕೊಟ್ಟು ಈ ಫಲ ಬಂದಿದ್ದಲ್ಲ.

ಇನ್ನು ಫೋನಿನ ಮಾತುಕತೆಗೆ ಬರೋಣ. "ಅನ್ನ ಎಷ್ಟು ತಿಂತೀರಿ?" ಎಂದು ಕೇಳಿದರೆ "ಸ್ವಲ್ಪ ಮೇಡಂ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಮಧ್ಯಾಹ್ನಕ್ಕೆ ಎಷ್ಟು ಪಾವು ಅಕ್ಕಿ ಇಡ್ತೀರಿ? ಎಷ್ಟು ಜನ ಉಣ್ತೀರಿ? ರಾತ್ರಿಗೆ ಉಳಿಯುತ್ತಾ?" ಎಂದು ಕೇಳಬೇಕು. ಪಾವಿನ ಲೆಕ್ಕ ಪ್ರತಿ ಮನೆಯ ಅಡುಗೆಯವರಿಗೂ ಬಾಯಿಪಾಠ. ಆಮೇಲೆ ಅವರ ಮನೆಯ ಸೌಟು, ಬಟ್ಟಲು, ತಟ್ಟೆಯ ಫೋಟೋ ತರಿಸಿಕೊಳ್ಳಬೇಕು. ಬಟ್ಟಲಿಗೆ ಎಷ್ಟು ನೀರು ಹಿಡಿಯುತ್ತದೆ ಎಂದು ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನ ಅಳತೆಯಲ್ಲಿ ಅಂದಾಜು ಮಾಡಿಸಬೇಕು. ಊಟದ ತಟ್ಟೆಯ ಫೋಟೋವನ್ನು ನೇರ ಮೇಲಿಂದ ತೆಗೆದರೆ ಅನ್ನದ ಎತ್ತರ ಕಾಣುವುದಿಲ್ಲ. ತಟ್ಟೆಯ ಪಕ್ಕ ಒಂದು ಚಮಚ ಇಟ್ಟು ಓರೆಯಾಗಿ ತೆಗೆಯಲು ಹೇಳಬೇಕು. ಎರಡನೇ ಸಲ ಬಡಿಸಿಕೊಂಡಿದ್ದು ಫೋಟೋದಲ್ಲಿ ಇರುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು. ಅಡುಗೆ ಮಾಡುವವರು ಅತ್ತೆಯೋ ಅಮ್ಮನೋ ಆಗಿದ್ದರೆ ಮೊದಲ ಕರೆಯಲ್ಲಿ ಅವರೂ ಇರಬೇಕು. ಸಾರಿಗೆ ಬೆಲ್ಲ ಹಾಕುವ ಕೈ ಅವರದ್ದು.

ಮಾರ್ಗಸೂಚಿಯ ಲೆಕ್ಕ ಸುಲಭವಾಗಿದೆ. 15 ಗ್ರಾಂ ಕಾರ್ಬೋಹೈಡ್ರೇಟಿಗೆ (ಕಾರ್ಬ್, ಅಂದರೆ ಪಿಷ್ಟ ಮತ್ತು ಸಕ್ಕರೆಯ ಅಂಶ) ಒಂದು ಪಾಲು. ದೊಡ್ಡ ಊಟಕ್ಕೆ 2ರಿಂದ 3 ಪಾಲು, ನಡುವಿನ ತಿನಿಸಿಗೆ 1ರಿಂದ 2 ಪಾಲು. ದಿನಕ್ಕೆ ಕನಿಷ್ಠ 175 ಗ್ರಾಂ ಬೇಕೇ ಬೇಕು, ಮಗುವಿನ ಮೆದುಳಿಗೂ ಅದರಲ್ಲಿ ಪಾಲಿದೆ. ಇದನ್ನು ನಮ್ಮ ಅಡುಗೆಮನೆಗೆ ಇಳಿಸಿದರೆ: 50 ಗ್ರಾಂ ಅಕ್ಕಿ ಬೇಯಿಸಿದರೆ ಸುಮಾರು 39 ಗ್ರಾಂ ಕಾರ್ಬ್, ಅಂದರೆ ಎರಡೂವರೆ ಪಾಲು. ಮನೆಯ ಸಾಧಾರಣ ಇಡ್ಲಿ ಒಂದಕ್ಕೆ 10ರಿಂದ 12 ಗ್ರಾಂ. 200 ಮಿಲಿ ಹಾಲಿಗೆ ಸುಮಾರು 10 ಗ್ರಾಂ.

ರಾಗಿಯ ವಿಷಯ ಇಲ್ಲಿ ಬಿಡಿಸಿ ಹೇಳಲೇಬೇಕು. ರಾಗಿ ತಿಂದರೆ ಶುಗರ್ ಏರುವುದಿಲ್ಲ ಎಂಬ ನಂಬಿಕೆ ಬೆಂಗಳೂರು, ಮಂಡ್ಯ, ತುಮಕೂರು ಕಡೆಯ ಮನೆಗಳಲ್ಲಿ ಆಳವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್, ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ. 100 ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆ ಉಂಡು, ಮೇಲೆ ಅನ್ನ ಸಾರು ಉಂಡರೆ ಏಳು ಪಾಲು ಸುಲಭವಾಗಿ ದಾಟುತ್ತದೆ. ರಾಗಿಯ ಗುಣ ಅದರ ನಾರು ಮತ್ತು ಕ್ಯಾಲ್ಸಿಯಂನಲ್ಲಿದೆ. 100 ಗ್ರಾಂಗೆ 360 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇರುವ ಧಾನ್ಯ ಇನ್ನೊಂದು ನಮ್ಮ ಮನೆಗಳಲ್ಲಿಲ್ಲ, ಅದನ್ನು ಬಿಡಿಸಬಾರದು. ಮುದ್ದೆಯನ್ನು ಅರ್ಧಕ್ಕಿಳಿಸಿ, ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು, ಅವರೆಕಾಳು ಅಥವಾ ಮೊಟ್ಟೆ ಸಾರಿನೊಂದಿಗೆ ಉಂಡು, ಮೇಲೆ ಅನ್ನ ಬೇಕೇಬೇಕು ಎನಿಸಿದರೆ ಒಂದು ಚಿಕ್ಕ ಸೌಟಿಗೆ ನಿಲ್ಲಿಸಬೇಕು. ಸಕ್ಕರೆಯನ್ನು ಬೇಗ ಏರಿಸುವುದು ರಾಗಿ ಗಂಜಿ ಮತ್ತು ರಾಗಿ ಮಾಲ್ಟ್. ನುಣ್ಣಗೆ ಬೀಸಿ, ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಅಗಿಯದೆ ಕುಡಿದದ್ದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದಕ್ಕೆ ಬೆಲ್ಲವೂ ಬಿದ್ದರೆ ಹೇಳಬೇಕಾಗಿಲ್ಲ. ಬೆಲ್ಲ, ಜೇನುತುಪ್ಪ ಸಕ್ಕರೆಯಷ್ಟೇ ಕೆಲಸ ಮಾಡುತ್ತವೆ.

ಬೆಳಗಿನ ತಿಂಡಿ ಎಲ್ಲಕ್ಕಿಂತ ಕಷ್ಟದ ಹೊತ್ತು. ಬೆಳಿಗ್ಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಿರುವುದರಿಂದ ಅದೇ 45 ಗ್ರಾಂ ಕಾರ್ಬ್ ಮಧ್ಯಾಹ್ನ ಮಾಡುವುದಕ್ಕಿಂತ ಹೆಚ್ಚು ಸಕ್ಕರೆ ಏರಿಸುತ್ತದೆ. ನಮ್ಮ ತಿಂಡಿಗಳೋ ಬಹುತೇಕ ಅಕ್ಕಿ, ರವೆ, ಅವಲಕ್ಕಿ. ಚಿತ್ರಾನ್ನವಾಗಲಿ, ಉಪ್ಪಿಟ್ಟಾಗಲಿ ಒಂದು ತಟ್ಟೆ ತಿಂದರೆ ಪ್ರೋಟೀನ್ ಸಿಗುವುದು ಅಷ್ಟಕ್ಕಷ್ಟೆ. ಎರಡು ಇಡ್ಲಿ, ಜೊತೆಗೆ ಒಂದು ಬಟ್ಟಲು ಹೆಸರುಕಾಳು ಉಸಲಿ ಅಥವಾ ಎರಡು ಮೊಟ್ಟೆ. ಒಂದು ಅಕ್ಕಿರೊಟ್ಟಿ ಮಾಡುವುದಾದರೆ ಅದಕ್ಕೆ ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ತುರಿ ತುಂಬ ಹಾಕಿ ಹಿಟ್ಟು ಕಡಿಮೆ ಮಾಡುವುದು. ಪೆಸರಟ್ಟಿನಂಥ ಹೆಸರುಬೇಳೆ ದೋಸೆ. ಕಾಫಿಗೆ ಸಕ್ಕರೆ ಬೇಡ, ಹಣ್ಣು ಹನ್ನೊಂದು ಗಂಟೆಗೆ ಮುಂದೂಡಿ. ಸೀಬೆಹಣ್ಣು ಒಂದು ಸಾಕು, ಜ್ಯೂಸ್ ಬೇಡವೇ ಬೇಡ. ತಿಂಡಿಯ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಎರಡು ಗಂಟೆಯ ಅಂಕಿ ಇಳಿಯುವುದನ್ನು ಗ್ಲೂಕೋಮೀಟರಿನಲ್ಲೇ ನೋಡಬಹುದು. ನಡೆಯಬೇಡಿ ಎಂದು ವೈದ್ಯರು ಹೇಳಿರುವವರಿಗೆ ಮಾತ್ರ ಇದು ಅನ್ವಯಿಸದು.

ಇಷ್ಟೆಲ್ಲ ಹೇಳುವಾಗ ನಾವು ಅತಿ ಹೆಚ್ಚು ಹೆದರುವುದು ಉಪವಾಸಕ್ಕೆ. ಮಗುವಿಗೆ ತೊಂದರೆ ಎಂದು ಯಾರೋ ಗದರಿಸಿದ ಮೇಲೆ ಹೆಣ್ಣುಮಕ್ಕಳು ರಾತ್ರಿ ಊಟವನ್ನೇ ಬಿಡುತ್ತಾರೆ, ಅನ್ನವನ್ನು ಪೂರ್ತಿ ನಿಲ್ಲಿಸುತ್ತಾರೆ. ಗ್ಲೂಕೋಮೀಟರಿನ ಅಂಕಿ ಚೆಂದ ಕಾಣುತ್ತದೆ, ಸಮಾಲೋಚಕರು ಭೇಷ್ ಎನ್ನುತ್ತಾರೆ. ಒಳಗೆ ದೇಹ ಕೊಬ್ಬು ಕರಗಿಸಿ ಕೀಟೋನ್ ಎಂಬ ಆಮ್ಲ ಮಾಡುತ್ತಿರುತ್ತದೆ, ತೂಕ ಇಳಿಯುತ್ತಿರುತ್ತದೆ. ಆದ್ದರಿಂದ ಪ್ರತಿ ಕರೆಯಲ್ಲೂ ಅಂಕಿಯ ಜೊತೆಗೆ ತೂಕ ಕೇಳಬೇಕು, ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ತಿಂದದ್ದನ್ನು ಕೇಳಬೇಕು. ಒಂದೇ ವಾರದಲ್ಲಿ ಎಲ್ಲ ಅಂಕಿಯೂ 85, 90ಕ್ಕೆ ಬಂದರೆ ಸಂತೋಷಪಡುವ ಮೊದಲು ಆಕೆ ಉಣ್ಣುತ್ತಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ ಹತ್ತು ಗಂಟೆಗಿಂತ ಹೆಚ್ಚು ಅಂತರ ಬೀಳದಂತೆ, ಮಲಗುವಾಗ ಸಕ್ಕರೆ ಇಲ್ಲದ ಒಂದು ಲೋಟ ಹಾಲು, ಒಂದು ಹಿಡಿ ಕಡಲೆಕಾಯಿ ಬೀಜ ಇರಲಿ.

ಖಾಲಿ ಹೊಟ್ಟೆಯ ಅಂಕಿ ಬೇರೆಯದೇ ವಿಷಯ. ಅದು 95 ದಾಟುತ್ತಲೇ ಇದ್ದರೆ ರಾತ್ರಿಯ ಊಟವನ್ನು ಮತ್ತೆ ಮತ್ತೆ ಕತ್ತರಿಸುವುದು ದೊಡ್ಡ ತಪ್ಪು. ಬೆಳಗಿನ ಆ ಸಕ್ಕರೆ ಬಹುಪಾಲು ಯಕೃತ್ತು ರಾತ್ರಿಯಿಡೀ ಬಿಟ್ಟದ್ದು, ಊಟದ್ದಲ್ಲ. ಮಲಗುವ ಮುನ್ನದ ತಿನಿಸು ಸರಿಪಡಿಸಿ ಮೂರು ನಾಲ್ಕು ದಿನ ನೋಡಿ, ಇಳಿಯದಿದ್ದರೆ ವೈದ್ಯರಿಗೆ ಒಪ್ಪಿಸಬೇಕು. ಇನ್ಸುಲಿನ್ ಬೇಕಾಯಿತು ಎಂದರೆ ಆಕೆ ಪಥ್ಯ ಮಾಡಲಿಲ್ಲ ಎಂದರ್ಥವಲ್ಲ. ಈ ಮಾತನ್ನು ಫೋನಿನಲ್ಲಿ ಗಂಡನಿಗೂ ಅತ್ತೆಗೂ ಕೇಳುವಂತೆ ಹೇಳಬೇಕು.

ಅಂಕಿ ಸರಿ ಇಲ್ಲದಿದ್ದರೆ ಸಲಹೆಯೂ ಸರಿ ಇರುವುದಿಲ್ಲ. ಹಣ್ಣು ಹೆಚ್ಚಿದ ಕೈ ತೊಳೆಯದೆ ಚುಚ್ಚಿಕೊಂಡರೆ ಅಂಕಿ ಸುಳ್ಳೇ ಏರುತ್ತದೆ. ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಬೇಕು. ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಮೇಲಿಂದಲ್ಲ. ಗ್ಲೂಕೋಮೀಟರಿನ ಪರೀಕ್ಷಾ ಪಟ್ಟಿಗಳ (ಸ್ಟ್ರಿಪ್) ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಕೆಡುತ್ತವೆ. ರಕ್ತಹೀನತೆ ತೀವ್ರವಾಗಿದ್ದರೆ ಹಲವು ಗ್ಲೂಕೋಮೀಟರುಗಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ, ಹಾಗಾಗಿ ತಾಯಿ ಕಾರ್ಡಿನಲ್ಲಿರುವ ಹಿಮೋಗ್ಲೋಬಿನ್ ಸಮಾಲೋಚಕರ ಮುಂದೆ ಇರಬೇಕು. ಗರ್ಭಿಣಿಯರಲ್ಲಿ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ನೋಡಿ ನಿರ್ಧರಿಸುವುದೂ ಸರಿಯಲ್ಲ, ರಕ್ತಕಣಗಳು ಬೇಗ ಬದಲಾಗುವುದರಿಂದ ಅದು ಕಡಿಮೆ ತೋರಿಸಬಹುದು, ಕಬ್ಬಿಣದ ಕೊರತೆ ಇದ್ದರೆ ಹೆಚ್ಚು ತೋರಿಸಬಹುದು. ಒಳ್ಳೆಯ ಗ್ಲೂಕೋಮೀಟರಿಗೂ 100 ದಾಟಿದ ಮೇಲೆ ಶೇ. 15ರಷ್ಟು ಆಚೀಚೆ ಆಗಲು ಅಂತರರಾಷ್ಟ್ರೀಯ ಮಾನದಂಡದಲ್ಲೇ ಅವಕಾಶವಿದೆ. ಒಂದು ಸಲದ 124ಕ್ಕೆ ಗಾಬರಿಯಾಗಬಾರದು, ಮೂರು ದಿನದ ಸರಣಿ ನೋಡಬೇಕು. ಅವಧಿಪೂರ್ವ ಹೆರಿಗೆಯ ಭಯದಲ್ಲಿ ಮಗುವಿನ ಶ್ವಾಸಕೋಶಕ್ಕೆಂದು ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟಿದ್ದರೆ ಕೆಲವು ದಿನ ಅಂಕಿ ಜಿಗಿಯುತ್ತದೆ, ಅದಕ್ಕೆ ಊಟವನ್ನು ದೂರಿ ಫಲವಿಲ್ಲ.

ಪಟ್ಟಿಗಳ ಖರ್ಚಿನ ಬಗ್ಗೆ ಸರ್ಕಾರ ಕೈ ಹಿಡಿಯಲೇಬೇಕು. ದಿನಕ್ಕೆ ನಾಲ್ಕು ಸಲದಂತೆ 14 ದಿನಕ್ಕೆ 56 ಪಟ್ಟಿ ಬೇಕು. ಅಂಗಡಿಯಲ್ಲಿ ಪಟ್ಟಿಗಳ ಡಬ್ಬಿ ದುಬಾರಿ, ದಿನಗೂಲಿಯವರ ಮನೆ ಅದನ್ನು ಕೊಳ್ಳುವುದಿಲ್ಲ. ಒಂದು ದಿನ ಖಾಲಿ ಹೊಟ್ಟೆ ಮತ್ತು ತಿಂಡಿಯ ನಂತರ, ಮರುದಿನ ಮಧ್ಯಾಹ್ನ ಮತ್ತು ರಾತ್ರಿ ಊಟದ ನಂತರ ಎಂದು ಸರದಿ ಮಾಡಿದರೆ 28 ಪಟ್ಟಿಯಲ್ಲಿ ಎರಡು ವಾರ ನಡೆಯುತ್ತದೆ, ಔಷಧಿ ಬೇಡದವರಿಗೆ ಇದು ಸಾಕು. ಮೀಟರನ್ನು ಹೆರಿಗೆಯವರೆಗೆ ಎರವಲು ಕೊಟ್ಟು ಮರಳಿ ಪಡೆಯಬಹುದು.

ಈಗ ಕರೆಗಳ ಲೆಕ್ಕ. ರೋಗ ಪತ್ತೆಯಾದ ಎರಡು ದಿನದೊಳಗೆ ಮೊದಲ ಕರೆ, ನಲವತ್ತು ನಿಮಿಷ. ನಾಲ್ಕನೆಯ ದಿನ ಎರಡನೇ ಕರೆ, ಹತ್ತು ನಿಮಿಷ ಸಾಕು. ಮೀಟರ್ ಹಿಡಿಯುವುದು ಬಂತೇ, ತಿಂಡಿ ಬದಲಾಯಿತೇ ಎಂದು ನೋಡಲು. ಎಂಟನೆಯ ದಿನ ಫೋಟೋ ಮತ್ತು ಅಂಕಿಯನ್ನು ಪಕ್ಕಪಕ್ಕ ಇಟ್ಟುಕೊಂಡು ಮಾತು, ಏಕೆಂದರೆ ಒಂದೇ ಬಿಸಿಬೇಳೆಬಾತ್ ಇಬ್ಬರಲ್ಲಿ ಎರಡು ತರ ಏರುತ್ತದೆ. ಹದಿಮೂರನೆಯ ದಿನದ ಕರೆಯ ನಂತರ ಆಹಾರತಜ್ಞರು ನಾಲ್ಕು ಸಾಲಿನ ಟಿಪ್ಪಣಿ ಬರೆದು ಪ್ರಸೂತಿ ವೈದ್ಯರಿಗೆ ಕಳಿಸಬೇಕು: ಎಷ್ಟು ಅಂಕಿಗಳಲ್ಲಿ ಎಷ್ಟು ಮಿತಿ ಮೀರಿವೆ, ತೂಕ ಎಷ್ಟು, ಪಥ್ಯ ನಿಜಕ್ಕೂ ನಡೆಯಿತೇ, ಔಷಧಿ ಬೇಕೆನಿಸುತ್ತದೆಯೇ. ವೈದ್ಯರ ನಿರ್ಧಾರ ಆ ಟಿಪ್ಪಣಿಯ ಮೇಲೆ ಆಗಲಿ.

ಸಮಯದ ಬಗ್ಗೆಯೂ ಒಂದು ಮಾತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಕಚೇರಿ ವೇಳೆಯಲ್ಲಿ ಕರೆ ಮಾಡಿದರೆ ಎತ್ತುವುದಿಲ್ಲ, ಲೈನಿನಲ್ಲಿ ಫೋನ್ ಬಳಸುವಂತಿಲ್ಲ. ಅನೇಕ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಹಗಲಲ್ಲಿ ಗಂಡನ ಜೇಬಿನಲ್ಲಿರುತ್ತದೆ. ಸಂಜೆ ಏಳರಿಂದ ಒಂಬತ್ತು ಮತ್ತು ಭಾನುವಾರ ಕರೆ ಇರಬೇಕು. ವಿಡಿಯೋ ಕಡ್ಡಾಯ ಮಾಡಬೇಡಿ, ಮಾಮೂಲಿ ಕರೆ ಮತ್ತು ದಿನಕ್ಕೊಂದು ಫೋಟೋ ಸಾಕು. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಹಿಂದಿ ಮಾತಾಡುವವರೂ ಈ ಊರಿನಲ್ಲಿ ಬೇಕು.

ಫೋನಿನ ದೊಡ್ಡ ಅನುಕೂಲ ಕಾಣುವುದು ಏಳನೇ ತಿಂಗಳಲ್ಲಿ. 24ರಿಂದ 28ನೇ ವಾರದಲ್ಲಿ ಪರೀಕ್ಷೆಯಾಗಿ ಕಾಯಿಲೆ ಗೊತ್ತಾಗುತ್ತದೆ, ಅಷ್ಟರಲ್ಲೇ ಸೀಮಂತ ಮುಗಿಸಿ ಹುಡುಗಿ ತವರಿಗೆ ಹೊರಡುತ್ತಾಳೆ. ಬೆಂಗಳೂರಿನ ಆಸ್ಪತ್ರೆಯ ಕಡತ ಇಲ್ಲೇ ಉಳಿಯುತ್ತದೆ, ರಾಯಚೂರಿನ ಅಥವಾ ಚಾಮರಾಜನಗರದ ಆಸ್ಪತ್ರೆಗೆ ಅವಳು ಹೊಸಬಳು. ಅವಳ ಜೊತೆಗೆ ಹೋಗಬಲ್ಲದ್ದು ಫೋನ್ ನಂಬರ್ ಮತ್ತು ತಾಯಿ ಕಾರ್ಡ್. ಅದೇ ಆಹಾರತಜ್ಞರು ಹೆರಿಗೆಯವರೆಗೆ ಕರೆ ಮುಂದುವರಿಸಿದರೆ, ಜೋಳದ ರೊಟ್ಟಿಯ ಮನೆಗೆ ಹೋದವಳಿಗೆ ರೊಟ್ಟಿಯ ಲೆಕ್ಕವನ್ನೇ ಹೇಳಬಹುದು, ಟಿಪ್ಪಣಿಯನ್ನು ಅಲ್ಲಿನ ತಾಲ್ಲೂಕು ಆಸ್ಪತ್ರೆಗೂ ಕಳಿಸಬಹುದು.

ಅಂಗನವಾಡಿಯ ಮಾತೃಪೂರ್ಣ ಊಟವನ್ನೂ ಈ ಸಲಹೆಯೊಳಗೆ ತರಬೇಕು. 2017ರಿಂದ ನಡೆಯುತ್ತಿರುವ ಆ ಯೋಜನೆಯ ಮೊಟ್ಟೆ ಮತ್ತು ಹಾಲು ಇವರಿಗೂ ಅತ್ಯಗತ್ಯ, ಶುಗರ್ ಇದೆ ಎಂದು ಊಟಕ್ಕೇ ಬರಬೇಡಿ ಎನ್ನಬಾರದು. ಅನ್ನ ಕಡಿಮೆ, ಸಾರಿನ ಬೇಳೆ ಕಾಳು ಮತ್ತು ಪಲ್ಯ ಹೆಚ್ಚು, ಬೆಲ್ಲದ ಚಿಕ್ಕಿಯ ಬದಲು ಹುರಿದ ಕಡಲೆಕಾಯಿ ಬೀಜ. ಕಾರ್ಯಕರ್ತೆಯರಿಗೆ ಇಷ್ಟು ಬದಲಾವಣೆ ಮಾಡುವ ಲಿಖಿತ ಅನುಮತಿ ಇದ್ದರೆ ಸಾಕು. ಇದಕ್ಕೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೊಂದಿಗೆ ತಾವು ಮಾತಾಡಬೇಕಾಗುತ್ತದೆ.

ಫೋನಿನಲ್ಲಿ ಆಗದ್ದು ಏನು ಎಂಬುದೂ ಆದೇಶದಲ್ಲಿ ಇರಲಿ. ಅಂಕಿ 200 ಮುಟ್ಟಿದರೆ ಅದೇ ದಿನ ಆಸ್ಪತ್ರೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಗ್ಲೂಕೋಸ್ ಪುಡಿ ಒಂದು ಲೋಟ ನೀರಿನಲ್ಲಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷೆ, ವೈದ್ಯರಿಗೆ ಸುದ್ದಿ. ಏನೂ ನಿಲ್ಲದಷ್ಟು ವಾಂತಿ, ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮಗು ಅಲ್ಲಾಡುವುದು ಕಡಿಮೆಯಾಗಿದೆ ಎಂಬ ಮಾತು ಬಂದ ಕೂಡಲೇ ಆಹಾರದ ಮಾತು ನಿಲ್ಲಿಸಿ ಆಸ್ಪತ್ರೆಗೆ ಕಳಿಸಬೇಕು. ಪ್ರತಿ ಸಮಾಲೋಚಕರ ಬಳಿ ರಾತ್ರಿಯೂ ಸಿಗುವ ಒಬ್ಬ ವೈದ್ಯರ ನಂಬರ್ ಇರಬೇಕು.

ಈ ಕೆಲಸ ಯಾರು ಮಾಡಬೇಕು? ಆಹಾರತಜ್ಞರು 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಆ ಓದು ಓದಿದವರನ್ನೇ ನೇಮಿಸಿ. ಏಕೆಂದರೆ ಗರ್ಭಿಣಿಯ ಫೋನಿಗೆ ಈಗಾಗಲೇ ಬೇರೆಯವರು ತಲುಪಿದ್ದಾರೆ: ಗರ್ಭಾವಸ್ಥೆಯ ಶುಗರನ್ನು ಹತ್ತು ದಿನದಲ್ಲಿ ವಾಸಿ ಮಾಡುತ್ತೇವೆ ಎನ್ನುವವರು, ಡಬ್ಬಿಯ ಪುಡಿ ಮಾರುವವರು. ಗರ್ಭಿಣಿಯರಿಗೆಂದೇ ಮಾರುವ ಎಷ್ಟೋ ಪ್ರೋಟೀನ್ ಪುಡಿಗಳಲ್ಲಿ ಸಕ್ಕರೆ ಇದೆ, ಲೇಬಲ್ ಓದಿಸಬೇಕು. ಹಾಗೆಯೇ ನೂರಾರು ಜನರ ವಾಟ್ಸಾಪ್ ಗುಂಪು ಮಾಡಿ ಅದರಲ್ಲಿ ಹೆಸರು ಸಮೇತ ರಿಪೋರ್ಟ್ ಹಾಕಿಸುವುದನ್ನು ನಿಲ್ಲಿಸಬೇಕು. ಒಬ್ಬರ ಆರೋಗ್ಯದ ಮಾಹಿತಿ ಒಬ್ಬರಿಗೇ.

ದೂರವಾಣಿಯಲ್ಲಿ ಇಷ್ಟೆಲ್ಲ ಆಗುತ್ತದೆಯೇ ಎಂದು ಅನುಮಾನ ಬಂದರೆ ಇದೇ ಊರಿನ ನಿಮ್ಹಾನ್ಸ್ ಮುಂದಾಳತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ನೋಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿದವರು ತಮ್ಮ ಭಾಷೆಯಲ್ಲೇ ಸಮಾಲೋಚಕರೊಂದಿಗೆ ಮಾತಾಡಬಹುದು. ಅದಕ್ಕಿಂತ ನಮ್ಮ ಕೆಲಸ ಒಂದು ವಿಷಯದಲ್ಲಿ ಸುಲಭ. ಇಲ್ಲಿ ಗರ್ಭಿಣಿ ತಾನಾಗಿ ಕರೆ ಮಾಡಬೇಕಿಲ್ಲ, ಪರೀಕ್ಷೆಯ ಫಲಿತಾಂಶ ಬಂದ ದಿನವೇ ಹೆಸರು ಪಟ್ಟಿಗೆ ಸೇರುತ್ತದೆ, ಕರೆ ನಾವೇ ಮಾಡುತ್ತೇವೆ. ಪ್ರತಿ ತಿಂಗಳ 9ರಂದು ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಯ ದಿನ ಮೀಟರ್ ಕೊಟ್ಟು, ಚುಚ್ಚಿಕೊಳ್ಳುವುದನ್ನು ಕಲಿಸಿ ಕಳಿಸಬಹುದು. ಅದಕ್ಕಿಂತ ಮೊದಲೇ ಪತ್ತೆಯಾದವರನ್ನು 9ರವರೆಗೆ ಕಾಯಿಸಬಾರದು.

ತಡೆಗಟ್ಟುವ ಬಗ್ಗೆ ಹೆಚ್ಚು ಭರವಸೆ ಕೊಡಲು ನಮಗೆ ಮನಸ್ಸಿಲ್ಲ. ಮೊದಲ ಬಸುರಿನಲ್ಲಿ ಸಕ್ಕರೆ ಬಂದಿದ್ದವರು, ತಂದೆತಾಯಿಗೆ ಸಕ್ಕರೆ ಕಾಯಿಲೆ ಇರುವವರು, ಪಿಸಿಒಎಸ್ (ಅಂಡಾಶಯದ ಹಾರ್ಮೋನು ತೊಂದರೆ) ಇರುವವರು, ತೂಕ ಹೆಚ್ಚಿರುವವರು, ಇವರಿಗೆ ಮೂರನೇ ತಿಂಗಳಿಂದಲೇ ಎರಡು ಕರೆ ಹೋದರೆ ತೂಕ ಮಿತಿಯಲ್ಲಿರುತ್ತದೆ, ಕೆಲವರಲ್ಲಿ ಕಾಯಿಲೆ ಬಾರದೆಯೂ ಇರಬಹುದು. ಎಲ್ಲರಲ್ಲೂ ತಡೆಯಬಹುದು ಎಂದರೆ ಬಂದವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ.

ಕೊನೆಯದಾಗಿ ಹೆರಿಗೆಯ ನಂತರದ ಪರೀಕ್ಷೆ. ಮಗು ಹುಟ್ಟಿದ ಮೇಲೆ ಬಹುತೇಕರ ಸಕ್ಕರೆ ಸರಿಹೋಗುತ್ತದೆ, ಆದರೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು. ಆರು ವಾರಕ್ಕೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು ಎಂದು ಮಾರ್ಗಸೂಚಿ ಹೇಳುತ್ತದೆ, ಬಾಣಂತಿ ಅದಕ್ಕೆಂದೇ ಆಸ್ಪತ್ರೆಗೆ ಬರುವುದು ಅಪರೂಪ. ಆದರೆ ಮಗುವಿನ ಆರನೇ ವಾರದ ಲಸಿಕೆಗೆ ತಾಯಿ ಬಂದೇ ಬರುತ್ತಾಳೆ. ಹಿಂದಿನ ದಿನ ಆಹಾರತಜ್ಞರು ಕರೆ ಮಾಡಿ ರಾತ್ರಿ ಊಟದ ನಂತರ ಏನೂ ತಿನ್ನದೆ ಬರಲು ಹೇಳಲಿ, ಅಂಟಿನುಂಡೆ, ಬೆಲ್ಲ, ಕೊಬ್ಬರಿಯ ಬಾಣಂತನದ ಊಟದಲ್ಲಿ ಎಷ್ಟು ಸಾಕು ಎಂಬುದನ್ನೂ ಆಗಲೇ ಮಾತಾಡಲಿ. ಮಗುವಿಗೆ ಲಸಿಕೆ ಹಾಕುವ ಕೇಂದ್ರದಲ್ಲೇ ತಾಯಿಯ ರಕ್ತವೂ ತೆಗೆಯಲಿ. ಖಾಲಿ ಹೊಟ್ಟೆಗೆ 126 ಅಥವಾ ಎರಡು ಗಂಟೆಗೆ 200 ಮುಟ್ಟಿದ್ದರೆ ಮಧುಮೇಹದ ಚಿಕಿತ್ಸೆ ಶುರುವಾಗಬೇಕು, ಎರಡು ಗಂಟೆಗೆ 140ರಿಂದ 199ರ ನಡುವೆ ಇದ್ದರೆ ಆಕೆಯ ಹೆಸರು ವರ್ಷಕ್ಕೊಮ್ಮೆ ಕರೆ ಮಾಡುವವರ ಪಟ್ಟಿಗೆ ಹೋಗಬೇಕು. ಲಸಿಕೆಯ ದಿನದ ಈ ಪರೀಕ್ಷೆಗೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಉಳಿದದ್ದಕ್ಕೆ ಬಜೆಟ್ ಬೇಕಾಗಬಹುದು, ಇದನ್ನು ಮುಂದಿನ ತಿಂಗಳ ಸುತ್ತೋಲೆಯಲ್ಲೇ ಸೇರಿಸಬಹುದು.

ಇಂತಿ,
ಬೆಂಗಳೂರಿನಲ್ಲಿ ಗರ್ಭಿಣಿಯರ ಆಹಾರ ಸಮಾಲೋಚನೆಯಲ್ಲಿ ತೊಡಗಿರುವ ಆಹಾರತಜ್ಞರು ಮತ್ತು ಪ್ರಸೂತಿ ವೈದ್ಯರು